ಕಸ್ತೂರಮ್ಮ ಓದದೇ ಬೈದ ಬ್ಲಾಗ್

ನಿಟ್ಟುವಳ್ಳಿಯ ಕಸ್ತೂರಮ್ಮ ಮನೆಯಲ್ಲೇ ರವಿಕೆ ಹೊಲಿದು ಸಂಸಾರ ನಡೆಸುವಾಕೆ. ಒಂದು ಬೆಳಿಗ್ಗೆ ಪಕ್ಕದ ಮನೆಯ ಪಂಚಾಕ್ಷರಪ್ಪ ಬಾಗಿಲಲ್ಲೇ ನಿಂತು, "ನಿನ್ನ ಮಗಳು ನಿಮ್ಮ ಮನೆ ವಿಚಾರ ಇಂಟರ್‌ನೆಟ್ಟಾಗೆ ಹಾಕ್ಯಾಳಂತಲ್ಲವ್ವ. ನನ್ನ ಮೊಮ್ಮಗ ಹೇಳಿದ" ಎಂದ.

ಕಸ್ತೂರಮ್ಮನ ಮೈ ಉರಿಯಿತು. ಮಷಿನ್ ನಿಲ್ಲಿಸಿ ನೇರ ಶಾಲೆಗೆ ಹೋದಳು. ಎಂಟನೇ ತರಗತಿಯ ಮಕ್ಕಳೆಲ್ಲ ನೋಡುತ್ತಿರುವಾಗಲೇ ಶಹರ್ಬಾನು ಟೀಚರ್ ಮೇಲೆ ಹರಿಹಾಯ್ದಳು.

"ಪಾಠ ಮಾಡ್ರಿ ಅಂದ್ರೆ ಮಕ್ಕಳ ಕೈಲಿ ಮನೆ ಮಾನ ಹರಾಜು ಹಾಕಿಸ್ತೀರಲ್ರಿ. ಈಗ್ಲೇ ತೆಗೀರಿ ಅದನ್ನ."

ಮಗಳು ರಶ್ಮಿತಾ ತಲೆಯೆತ್ತಲಿಲ್ಲ.

ಟೀಚರ್ ದನಿ ಏರಿಸಲಿಲ್ಲ. "ನೀವು ಬ್ಯಾಡ ಅಂದ್ರೆ ತೆಗೀತೀನಿ, ಕಸ್ತೂರಮ್ಮಾರೆ. ಆದ್ರೆ ಒಂದ್ಸಲ ನಮ್ಮ ಕ್ಲಾಸಿನ ಬ್ಲಾಗ್ ಓದ್ರಿ. ಕೂಡ್ರಿ."

"ಬ್ಲಾಗ್ ಅಂದ್ರೇನ್ರಿ ಅದು?"

"ಶಾಲೆ ಗೋಡೆ ಪತ್ರಿಕೆ ಇರ್ತೈತಲ್ಲ, ಹಂಗೇ. ಇದು ಕಂಪ್ಯೂಟರಾಗೆ ಇರ್ತೈತೆ. ಮಕ್ಕಳು ಬರೀತಾರೆ. ಹರಿಹರದ ಒಂದು ಶಾಲೆ ಮಕ್ಕಳು ಓದಿ ಪ್ರಶ್ನೆ ಕೇಳ್ತಾರೆ. ಉತ್ತರ ಕೊಡಾಕೆ ನಮ್ಮ ಮಕ್ಕಳು ಮತ್ತೆ ಕಲೀಬೇಕು."

"ಫೋಟೋ, ಫೋನ್ ನಂಬರು?"

"ಯಾವುದೂ ಇಲ್ಲ. ಪೂರ್ತಿ ಹೆಸರೂ ಹಾಕಲ್ಲ. ಬರಹ ಇರ್ಲಿ, ಪ್ರಶ್ನೆ ಇರ್ಲಿ, ನಾನು ಓದಿ ಒಪ್ಪಿದ ಮೇಲೇ ಕಾಣೋದು. ನಿಮ್ಮ ಒಪ್ಪಿಗೇನೂ ತಗೊಂಡೀವಿ."

ಟೀಚರ್ ತೋರಿಸಿದ ಪತ್ರದಲ್ಲಿ ಅವಳದೇ ಸಹಿ ಇತ್ತು. ಹೊಲಿಗೆಯ ನಡುವೆ ಓದದೇ ಗೀಚಿಕೊಟ್ಟಿದ್ದಳು. ಕಸ್ತೂರಮ್ಮ ಕಂಪ್ಯೂಟರ್ ಕಡೆ ತಿರುಗಿ ಮಗಳು ಬರೆದದ್ದನ್ನು ಓದತೊಡಗಿದಳು.

"ನನಗೆ ಭಿನ್ನರಾಶಿ ಬರುತ್ತಿರಲಿಲ್ಲ. ಅಮ್ಮ ರವಿಕೆ ಕತ್ತರಿಸುವುದನ್ನು ನೋಡಿ ಕಲಿತೆ. ಸುತ್ತಳತೆ ಮೂವತ್ತಾರು ಇಂಚು ಇದ್ದರೆ ಅದರ ಕಾಲುಭಾಗ ಒಂಬತ್ತು. ಅದಕ್ಕೆ ಒಂದೂವರೆ ಇಂಚು ಸೇರಿಸಿ ಗುರುತು ಹಾಕುತ್ತಾರೆ. ಅಮ್ಮ ಏಳನೇ ತರಗತಿಗೇ ಶಾಲೆ ಬಿಟ್ಟವರು. ಅವರ ಅಳತೆ ಒಂದು ದಿನವೂ ತಪ್ಪಿದ್ದನ್ನು ನಾನು ನೋಡಿಲ್ಲ."

ಕೆಳಗೆ ಹರಿಹರದ ಒಂದು ಹುಡುಗಿಯ ಪ್ರಶ್ನೆ: "ಆ ಒಂದೂವರೆ ಇಂಚು ಯಾಕೆ?" ಉತ್ತರದ ಜಾಗ ಖಾಲಿ ಇತ್ತು.

"ಮೂರು ದಿನ ಆತು," ಎಂದರು ಟೀಚರ್. "ಅಮ್ಮನ್ನ ಕೇಳಿ ಬರೀತೀನಿ ಅಂದಿದ್ಲು."

ಹೌದು, ರಶ್ಮಿತಾ ಕೇಳಿದ್ದಳು. ಮಷಿನ್ ಪಕ್ಕ ನಿಂತು ಇದನ್ನೇ ಕೇಳಿದ್ದಳು. "ನಿಂಗ್ಯಾಕ ಅದು, ಹೋಗಿ ಓದ್ಕೋ" ಎಂದು ಗದರಿ ಕಳಿಸಿದ್ದಳು ಕಸ್ತೂರಮ್ಮ. ಈಗ ಅದು ನೆನಪಾಗಿ ನಾಚಿಕೆಯಾಯಿತು. ಅಷ್ಟೂ ಮಕ್ಕಳು ಅವಳನ್ನೇ ನೋಡುತ್ತಿದ್ದರು.

ಬೈದದ್ದು ಅವರೆದುರು. ತಪ್ಪನ್ನೂ ಅವರೆದುರೇ ಒಪ್ಪಿದಳು. "ಓದ್ದೇ ಬೈದೆ. ತಪ್ಪಾತ್ರಿ ಟೀಚರ್."

ಮಗಳ ಬೆಂಚಿನ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: "ಬರಿಯವ್ವ. ಹೊಲಿಗೆ ಒಳಗೆ ಮಡಚಾಕೆ ಒಂದಿಷ್ಟು ಬಟ್ಟೆ ಬೇಕು. ಉಸಿರಾಡಾಕೆ ಸಡಿಲ ಬೇಕು. ಅದಕ್ಕೇ ಒಂದೂವರೆ."

ರಶ್ಮಿತಾ ಎದ್ದು ಕಂಪ್ಯೂಟರ್ ಹತ್ತಿರ ಹೋಗಿ ಉತ್ತರದ ಒಂದೊಂದೇ ಅಕ್ಷರ ಒತ್ತಿದಳು. ಅಮ್ಮನ ಮುಖ ಮಾತ್ರ ನೋಡಲಿಲ್ಲ. ಸಂಜೆ ಮನೆಯಲ್ಲೂ ಅಮ್ಮನ ಹತ್ತಿರ ಸುಳಿಯಲಿಲ್ಲ. ಮೂರನೇ ದಿನ ನೋಟ್‌ಬುಕ್ ಹಿಡಿದು ಬಂದು ನಿಂತಳು: "ಅಮ್ಮಾ, ತೋಳಿನ ಅಳತೆ ಹೆಂಗೆ?" ಕಸ್ತೂರಮ್ಮ ಕೂಡಲೇ ಮಷಿನ್ ನಿಲ್ಲಿಸಿದಳು.

ಅಪ್ಪ ಅಮ್ಮಂದಿರೇ, ನಿಮ್ಮ ಮಗುವಿನ ತರಗತಿಯಲ್ಲೂ ಬ್ಲಾಗ್ ಇರಬಹುದು. ಫೋಟೋ, ವಿಳಾಸ, ಫೋನ್ ನಂಬರ್ ಹಾಕುತ್ತಾರೆಯೇ, ಯಾರು ಓದಿ ಒಪ್ಪುತ್ತಾರೆ ಎಂದು ಶಾಲೆಯಲ್ಲಿ ಕೇಳಿ. ಅದು ನಿಮ್ಮ ಹಕ್ಕು. ಪತ್ರ ಓದಿ ಸಹಿ ಮಾಡಿ. ಆಮೇಲೆ ಮಗು ಬರೆದದ್ದನ್ನು ಓದಿ. ಓದಲು ಬಾರದಿದ್ದರೆ ಮಗುವಿನಿಂದಲೇ ಓದಿಸಿ ಕೇಳಿ. ಬೈಯುವ ಮೊದಲು, ಇವತ್ತೇ.