ಕಡೆಯ ಮೂರು ಕಿಟಕಿಗಳ ಕೆಳಗೆ

ಹಲ್ಲಿನ ಸೆಟ್ ಮಾಡುವವರ ಕಣ್ಣಿಗೆ ಸೊಟ್ಟಗಿರುವುದೊಂದು ಬಿದ್ದರೆ ಮುಗಿಯಿತು, ಅವರ ಕೈ ಸುಮ್ಮನಿರುವುದಿಲ್ಲ. ಇಪ್ಪತ್ತಾರು ವರ್ಷದಿಂದ ಡೆಂಟಲ್ ಲ್ಯಾಬಿನ ಮೂಲೆಯ ಮೇಜಿನಲ್ಲಿ ಕೂತು ಕಂಡವರ ಬಾಯಿಗೆ ಹಲ್ಲು ಜೋಡಿಸುತ್ತಿದ್ದ ಇವನಂತೂ, ಬೇರೆಯವರ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೂ ಎದ್ದು ಹೋಗಿ ನೆಟ್ಟಗೆ ಮಾಡಿ ಬರುವ ಪೈಕಿ. ಅವನ ಅಣ್ಣ ಅದಕ್ಕೇ ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದ. "ಬಂದನಪ್ಪಾ ನಮ್ಮ ಇಸ್ತ್ರಿ, ಸುಕ್ಕುಗಿಕ್ಕು ಇದ್ರೆ ಬಚ್ಚಿಟ್ಕೊಳ್ಳಿ" ಎಂದು ಬಾಗಿಲಲ್ಲೇ ಕಿಚಾಯಿಸುತ್ತಿದ್ದ. ಹೆಸರು ಅಂಟಿಕೊಂಡಿತು. ಇಟ್ಟವನು ಹೋಗಿ ಎಂಟು ತಿಂಗಳಾಗಿತ್ತು.

ಅಣ್ಣ ರೈಲ್ವೆ ವರ್ಕ್‌ಷಾಪಿನಲ್ಲಿ ಬೋಗಿ ರಿಪೇರಿ ಮಾಡುತ್ತಿದ್ದವನು. ನಿವೃತ್ತನಾದ ಮೇಲಾದರೂ ಕಾಲು ಚಾಚಿ ಕೂರುತ್ತಾನೆ ಅಂದುಕೊಂಡರೆ, ಅದೇ ಬೋಗಿಗಳನ್ನು ಗೇಣುದ್ದಕ್ಕೆ ಇಳಿಸಿ ಮನೆಯ ಹಿಂದಿನ ಕೋಣೆಯಲ್ಲಿ ಮಾಡತೊಡಗಿದ. ಕೆಲಸ ಹೇಳುವುದಕ್ಕೆ ಸುಲಭ. ತೆಳುವಾದ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಬೋಗಿಯ ಒಂದು ಪಕ್ಕವನ್ನು ಕಿಟಕಿ, ಬಾಗಿಲು ಸಮೇತ ಕೈಯಲ್ಲೇ ಮಾಡಬೇಕು. ಅದು ಮೂಲ ಮಾದರಿ. ಅದರ ಸುತ್ತ ಪುಟ್ಟ ಗೋಡೆ ಕಟ್ಟಿ ಮೇಲಿಂದ ಸಿಲಿಕೋನ್ ರಬ್ಬರ್ ಹೊಯ್ದರೆ ಮಾರನೆಯ ದಿನಕ್ಕೆ ಅಚ್ಚು ತಯಾರು. ಎರಡು ಬಾಟಲಿಯ ರೆಸಿನ್ನನ್ನು ಸಮಸಮ ಬೆರೆಸಿ ಅಚ್ಚಿಗೆ ಸುರಿದರೆ ಅರ್ಧ ಗಂಟೆಯಲ್ಲಿ ಬೋಗಿಯ ಪಕ್ಕ ಗಟ್ಟಿಯಾಗಿ ಎದ್ದು ಬರುತ್ತದೆ. ಪ್ರಾಣ ಹಿಂಡುವುದು ಅಚ್ಚಲ್ಲ, ರಿವೆಟ್ಟುಗಳು. ನಿಜವಾದ ಬೋಗಿಯ ತಗಡನ್ನು ಹಿಡಿದಿರುವ ಆ ಗುಂಡು ಮೊಳೆತಲೆಗಳನ್ನು ಮಾದರಿಯಲ್ಲಿ ಸೂಜಿಯ ಮೊನೆಯಿಂದ ಒಂದೊಂದೇ ಗೋಂದಿನ ಹನಿಯಾಗಿ ಇಡಬೇಕು. ಒಂದು ಪಕ್ಕಕ್ಕೆ ಎಂಟುನೂರು ಚಿಲ್ಲರೆ ಹನಿ. ಉಸಿರು ಜೋರಾಗಿ ಬಿಟ್ಟರೂ ಸಾಲು ಕೆಟ್ಟಿತು.

ಹೀಗೆ ಹನ್ನೊಂದು ಬೋಗಿ ಮಾಡಿದ್ದ ಪುಣ್ಯಾತ್ಮ. ಹನ್ನೆರಡನೆಯದು ಊಟದ ಬೋಗಿ. ಅದರ ಮೂಲ ಮಾದರಿ ಮುಗಿದಿತ್ತು, ಅಚ್ಚು ತೆಗೆಯುವಷ್ಟರಲ್ಲಿ ಅವನೇ ಮುಗಿದ. ನರಗಳ ಕಾಯಿಲೆ. ಮೊದಲು ಬೆರಳು, ಆಮೇಲೆ ತೋಳು, ಕೊನೆಗೆ ಎದೆ.

ಒಂದು ಬೆಳಗ್ಗೆ ಅತ್ತಿಗೆ ಇಸ್ತ್ರಿಯನ್ನು ಕರೆಸಿಕೊಂಡು ಬಿಸ್ಕತ್ತಿನ ಡಬ್ಬಿಯೊಂದನ್ನು ಮುಂದಿಟ್ಟಳು. ಒಳಗೆ ಹತ್ತಿಯ ನಡುವೆ ಮಾದರಿ ಮಲಗಿತ್ತು.

"ಇಗೋ. ಇದರ ಅಚ್ಚು ತೆಗೆದು ಗಾಡಿ ಮಾಡ್ಕೊಡು. ನಂಗಿನ್ನೇನೂ ಬೇಡ."

"ಅದಕ್ಕೇನು ಅತ್ತಿಗೆ, ಮಾಡ್ಕೊಡ್ತೀನಿ. ಮುಂದಿನ ತಿಂಗಳು ಪುಟಾಣಿ ರೈಲು ಮಾಡೋ ಸಂಘದವರ ಪ್ರದರ್ಶನ ಇದೆಯಲ್ಲ, ಹನ್ನೆರಡನ್ನೂ ಸಾಲಾಗಿ ನಿಲ್ಲಿಸೋಣ."

"ಎಲ್ಲಾದ್ರೂ ನಿಲ್ಲಿಸು. ಆದ್ರೆ ಹೇಗಿದೆಯೋ ಹಾಗೇ ತೆಗೀಬೇಕು. ಏನೂ ಮುಟ್ಟಬಾರದು."

"ಇಲ್ಲ ಅತ್ತಿಗೆ."

"ನಿನ್ನ ಇಸ್ತ್ರಿ ಕೆಲಸ ಇದಕ್ಕೆ ತೋರಿಸ್ಬೇಡ ಕಣೋ" ಎಂದು ಅತ್ತಿಗೆ ಸಣ್ಣಗೆ ನಕ್ಕಳು. ಎಂಟು ತಿಂಗಳಲ್ಲಿ ಆಕೆ ನಕ್ಕಿದ್ದನ್ನು ಅವನು ಕಂಡಿರಲಿಲ್ಲ. ಹನ್ನೆರಡು ವರ್ಷದ ಹುಡುಗನಾಗಿದ್ದಾಗಿನಿಂದ ತನ್ನನ್ನು ಸಾಕಿದ ಹೆಂಗಸಿನ ಆ ನಗುವಿಗಾಗಿ, ಆಕೆ ಏನು ಕೇಳಿದ್ದರೂ ಅವನು ಹೂಂ ಅನ್ನುತ್ತಿದ್ದ. ಹೂಂ ಅಂದ.

ಮನೆಗೆ ಬಂದು ಲೆನ್ಸ್ ಹಿಡಿದು ನೋಡಿದ. ಮೊದಲ ಏಳು ಕಿಟಕಿಗಳ ಕೆಳಗೆ ರಿವೆಟ್ಟುಗಳು ದಾರ ಹಿಡಿದು ಇಟ್ಟಹಾಗಿದ್ದವು, ಅದು ಅಣ್ಣನ ಕೈ, ಎರಡು ಮಾತಿಲ್ಲ. ಕಡೆಯ ಮೂರು ಕಿಟಕಿಗಳ ಕೆಳಗೆ ಮಾತ್ರ ಎಲ್ಲ ಅಲ್ಲೋಲಕಲ್ಲೋಲ. ಒಂದು ದಪ್ಪ, ಒಂದು ಪುಟ್ಟದು, ಒಂದು ಕಡೆ ಎರಡು ಹನಿ ಕೂಡಿಕೊಂಡು ಒಂದೇ ಗಡ್ಡೆ, ಕೆಳಗಿನ ಸಾಲಂತೂ ಹೋಗ್ತಾ ಹೋಗ್ತಾ ಗುಡ್ಡ ಹತ್ತಿತ್ತು. ಅಯ್ಯೋ ಅಣ್ಣ, ಕೈ ಹೋಗಿದ್ದು ಇಲ್ಲೇ ಅಲ್ಲವೇನೋ, ಅನ್ನಿಸಿತು ಅವನಿಗೆ. ಚಮಚ ಬಾಯಿಗೆ ತರುವಷ್ಟರಲ್ಲಿ ಅರ್ಧ ಚೆಲ್ಲಿ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸುತ್ತಿದ್ದ ಅಣ್ಣನ ಮುಖ ನೆನಪಾಯಿತು. ಇಸ್ತ್ರಿ ಲೆನ್ಸ್ ಕೆಳಗಿಟ್ಟು ಅತ್ತುಬಿಟ್ಟ.

ಅತ್ತದ್ದರ ಜೊತೆಗೆ ಸಿಟ್ಟೂ ಬಂತು. ಸಂಘದಲ್ಲಿ ಒಬ್ಬರಿದ್ದರು, ಕನ್ನಡಕದ ಅಂಗಡಿಯವರು. ಜೇಬಿನಲ್ಲೇ ಭೂತಗನ್ನಡಿ ಇಟ್ಟುಕೊಂಡು ಪ್ರದರ್ಶನದಲ್ಲಿ ಕಂಡವರ ಗಾಡಿಯ ಹುಳುಕು ಹುಡುಕುವುದೇ ಆ ಮನುಷ್ಯನ ಕಸುಬು. ಹಿಂದಿನ ಸಲ ಅಣ್ಣನ ಹನ್ನೊಂದನೆಯ ಬೋಗಿಯ ಬಾಗಿಲ ಹಿಡಿ ತುಸು ವಾಲಿದ್ದನ್ನು ಕಂಡು ನಾಲ್ಕು ಜನರ ಎದುರಿಗೆ, "ಪಾಪ, ಯಜಮಾನರ ಕೈ ಸೋತಿದೆ" ಅಂದಿದ್ದರು. ಅಣ್ಣ ಅದನ್ನು ಕೇಳಿಸಿಕೊಂಡಿದ್ದ. ಈಗ ಈ ಸೊಟ್ಟ ಸಾಲಿನ ಕೆಳಗೆ ಅಣ್ಣನ ಹೆಸರು ಬರೆದ ಚೀಟಿ ಇಟ್ಟು, ಆ ಭೂತಗನ್ನಡಿಯ ಮುಂದೆ ಒಡ್ಡುವುದೇ? ಸತ್ತವನು ತಿರುಗಿ ಉತ್ತರ ಕೊಡುತ್ತಾನೆಯೇ?

ಮೂರು ದಿನ ಡಬ್ಬಿ ಮುಚ್ಚಿಟ್ಟ. ಅತ್ತಿಗೆಗೆ ಕೊಟ್ಟ ಮಾತು ಒಂದು ಕಡೆ ಎಳೆದರೆ ಅಣ್ಣನ ಮಾನ ಇನ್ನೊಂದು ಕಡೆ ಎಳೆಯಿತು. ಲ್ಯಾಬಿನಲ್ಲಿ ಯಾರದೋ ಮುಂದಿನ ಹಲ್ಲನ್ನು ಮೇಣದಲ್ಲಿ ಕೂರಿಸುತ್ತಾ ತನಗೆ ತಾನೇ ವಾದ ಹೂಡಿದ: ಅತ್ತಿಗೆ ಹೇಳಿದ್ದು ಗಂಡನ ಮೇಲಿನ ಪ್ರೀತಿಗೆ. ಗಂಡ ತೊಟ್ಟ ಹರಿದ ಅಂಗಿಯನ್ನೂ ಎತ್ತಿಟ್ಟುಕೊಳ್ಳುವವರು ಇರುತ್ತಾರಲ್ಲ, ಹಾಗೆ. ಆಕೆಗೆ ರಿವೆಟ್ಟಿನ ಗಂಧಗಾಳಿ ಏನಿದೆ? ಆ ಕೋಣೆಗೆ ಚಹಾ ಕೊಡಲು ಬಿಟ್ಟರೆ ಇನ್ಯಾತಕ್ಕೂ ಕಾಲಿಟ್ಟವಳಲ್ಲ. ಸರಿಮಾಡಿದರೆ ಆಕೆಗೆ ಗೊತ್ತೂ ಆಗುವುದಿಲ್ಲ, ಅಣ್ಣನ ಹೆಸರೂ ಉಳಿಯುತ್ತದೆ. ಅಣ್ಣ ಬದುಕಿ, ಕೈ ನೆಟ್ಟಗಿದ್ದಿದ್ದರೆ ಇದನ್ನು ತಾನೇ ಕೆರೆದು ಹಾಕುತ್ತಿರಲಿಲ್ಲವೇ? ವಾದದಲ್ಲಿ ಎದುರಾಳಿ ಯಾರೂ ಇರಲಿಲ್ಲವಾದ್ದರಿಂದ ಗೆದ್ದ.

ಭಾನುವಾರ ಮಧ್ಯಾಹ್ನ ಹೆಂಡತಿ ತವರಿಗೆ ಹೋದದ್ದೇ ತಡ, ಊಟದ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಲ್ಯಾಬಿನಿಂದ ತಂದ ಮೇಣ ಕೆತ್ತುವ ಚೂರಿ ತೆಗೆದ. ಹನಿಗಳು ಒಂದೊಂದಾಗಿ ಎದ್ದವು. ಇನ್ನೂರ ಹನ್ನೊಂದು ಇದ್ದವು. ನುಣ್ಣಗಿನ ಮರಳು ಕಾಗದದಿಂದ ಜಾಗ ಸಾಪು ಮಾಡಿ, ಅಳತೆಪಟ್ಟಿ ಇಟ್ಟು ಪೆನ್ಸಿಲ್ ಗೆರೆ ಎಳೆದು, ಹೊಸ ಹನಿಗಳನ್ನು ಇಟ್ಟ. ಕತ್ತು ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು, ಇನ್ನೊಂದು ಭಾನುವಾರವೂ ಹಿಡಿಯಿತು. ಮುಗಿದಾಗ ಮೊದಲ ಏಳು ಕಿಟಕಿಗೂ ಕಡೆಯ ಮೂರಕ್ಕೂ ಅವನಿಗೇ ವ್ಯತ್ಯಾಸ ಕಾಣಲಿಲ್ಲ. ಭೇಷ್ ಎಂದು ಬೆನ್ನು ತಟ್ಟುವವರು ಯಾರೂ ಇಲ್ಲದೆ ತಾನೇ ಎದ್ದು ಒಂದು ಲೋಟ ನೀರು ಕುಡಿದ.

ಅಚ್ಚು ತೆಗೆಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಪ್ಲಾಸ್ಟಿಕ್ ಪಟ್ಟಿಯ ಗೋಡೆ ಕಟ್ಟಿ, ಸಿಲಿಕೋನನ್ನು ಒಂದೇ ಮೂಲೆಗೆ ನೂಲಿನಷ್ಟು ಸಣ್ಣ ಧಾರೆಯಾಗಿ ಎತ್ತರದಿಂದ ಸುರಿದ. ಹಾಗೆ ಸುರಿದರೆ ಗಾಳಿಗುಳ್ಳೆ ಒಡೆದುಹೋಗುತ್ತವೆ. ಮಾರನೆಯ ದಿನ ಅಚ್ಚನ್ನು ಬಿಡಿಸಿದ. ಒಳಗೆ ಟಾಲ್ಕಂ ಪೌಡರ್ ಉದುರಿಸಿ, ಕೊಡವಿ, ರೆಸಿನ್ ಬೆರೆಸಿದ. ಬಚ್ಚಲುಮನೆಯ ಕಿಟಕಿ ತೆರೆದಿಟ್ಟರೂ ವಾಸನೆ ಮನೆಯೆಲ್ಲ ಹಬ್ಬಿ, "ಹಲ್ಲು ಸಾಲದು ಅಂತ ಈಗ ರೈಲೂ ಶುರುವಾಯ್ತಾ" ಎಂದು ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನೀರಿನಂತಿದ್ದ ರೆಸಿನ್ ಐದು ನಿಮಿಷಕ್ಕೆ ಮಂಜಾಯಿತು, ಬೆಚ್ಚಗಾಯಿತು, ಕೆನೆಬಣ್ಣಕ್ಕೆ ತಿರುಗಿ ಗಟ್ಟಿಯಾಯಿತು. ಮೊದಲನೆಯದರಲ್ಲಿ ಬಾಗಿಲ ಮೂಲೆಯಲ್ಲಿ ಗುಳ್ಳೆ. ಎರಡನೆಯದು ಕಣ್ಣಿಗೆ ಒತ್ತಿಕೊಳ್ಳುವಹಾಗೆ ಬಂತು. ಬಣ್ಣ ಹಚ್ಚುವ ಮೊದಲೇ ಅದನ್ನು ಕರವಸ್ತ್ರದಲ್ಲಿ ಸುತ್ತಿ, ಮಾದರಿಯ ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು ಅತ್ತಿಗೆಯ ಮನೆಗೆ ಓಡಿದ. ಐವತ್ತು ದಾಟಿದ್ದರೂ, ಪರೀಕ್ಷೆ ಪಾಸಾದ ಹುಡುಗನ ಖುಷಿ ಅವನಿಗೆ.

ಅತ್ತಿಗೆ ಕೈ ತೊಳೆದು, ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಕುರ್ಚಿ ಎಳೆದು ಕೂತಳು. ಕನ್ನಡಕ ಹಾಕಿಕೊಳ್ಳಲಿಲ್ಲ. ಬೋಗಿಯ ಪಕ್ಕವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಎಳೆಯುತ್ತಾ ಹೋದಳು. ಏಳು ಕಿಟಕಿ ದಾಟಿತು. ಎಂಟನೆಯದರ ಕೆಳಗೆ ಬೆರಳು ನಿಂತಿತು. ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ ಹೋಯಿತು, ಬೇಗ ಬೇಗ, ಏನೋ ಕಳೆದುಕೊಂಡವರು ತಡಕುವಹಾಗೆ.

"ಇದು ಅದಲ್ಲ" ಎಂದಳು.

"ಅದೇ ಅತ್ತಿಗೆ."

"ನನ್ನ ಮುಖ ನೋಡಿ ಹೇಳು."

ಇಸ್ತ್ರಿ ಮುಖ ನೋಡಲಿಲ್ಲ. ಚೀಲದ ಹಿಡಿಯನ್ನು ತಿರುವುತ್ತಾ, "ಅಣ್ಣನ ಕೈ ಕಡೆಕಡೆಗೆ ನಡುಗಿತ್ತು ಅತ್ತಿಗೆ. ನಾಲ್ಕು ಜನ ನೋಡಿ ನಗಬಾರದು ಅಂತ ಒಂಚೂರು ಸರಿ ಮಾಡ್ದೆ. ಅಷ್ಟೇ. ಅಣ್ಣನ ಹೆಸರಿಗೆ ಅಂತಲೇ ಮಾಡಿದ್ದು" ಎಂದ.

"ಅಣ್ಣನ ಕೈ ಅಲ್ಲ ಅದು."

"ಮತ್ತೆ?"

"ನಂದು."

ಅವನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಅತ್ತಿಗೆ ತನ್ನ ಎರಡೂ ಕೈಯನ್ನು ಅವನ ಮುಂದೆ ಚಾಚಿದಳು. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದ ಕೈ, ಬೆರಳ ಗಂಟುಗಳೆಲ್ಲ ಊದಿದ್ದವು.

"ಏಳನೇ ಕಿಟಕಿಗೆ ನಿಮ್ಮಣ್ಣನ ಕೈಯಿಂದ ಸೂಜಿ ಬಿದ್ದುಹೋಯ್ತು. ಎತ್ತಿಕೊಡು ಅಂದ್ರು, ಕೊಟ್ಟೆ. ಮತ್ತೆ ಬಿತ್ತು. ಆಮೇಲೆ, ನೀನೇ ಇಡು ಅಂದ್ರು. ನಂಗೆಲ್ಲಿ ಬರುತ್ತೆ ಅಂದ್ರೆ, ನಾನು ಹೇಳ್ತೀನಿ ನೀನಿಡು ಅಂದ್ರು. ಪಕ್ಕದಲ್ಲೇ ಒತ್ತಿಕೊಂಡು ಕೂತು, ಬಲಕ್ಕೆ, ಇನ್ನೊಂಚೂರು ಬಲಕ್ಕೆ, ಹಾಂ, ಬಿಡು ಅಂತ ಹೇಳೋರು. ಮೊದಲ ದಿನ ಒಂದು ಗಂಟೆಗೆ ನಾಲ್ಕು ಇಟ್ಟೆ. ಸಂಸಾರ ಮಾಡಿ ಮೂವತ್ತೆಂಟು ವರ್ಷ ಆಗಿತ್ತು ಕಣೋ, ಆ ಕೋಣೆಲಿ ನಾನು ಕೂತಿದ್ದು ಅದೇ ಮೊದಲು. ಎರಡು ತಿಂಗಳು ದಿನಾ ಸಂಜೆ ಕೂತ್ವಿ."

ಅತ್ತಿಗೆಯ ದನಿ ಎಲ್ಲೂ ಏರಲಿಲ್ಲ. ಬೈದುಬಿಡಬಾರದೇ ಅನ್ನಿಸಿತು ಇಸ್ತ್ರಿಗೆ.

"ಎರಡು ಹನಿ ಕೂಡ್ಕೊಂಡಿತ್ತಲ್ಲ, ನೋಡಿದ್ಯಾ? ಅವತ್ತು ನಂಗೆ ಸೀನು ಬಂತು. ನಿಮ್ಮಣ್ಣ ನಕ್ಕು ನಕ್ಕು ಕೆಮ್ಮು ಹತ್ತಿಸ್ಕೊಂಡ್ರು. ಕೆರೆದು ಬೇರೆ ಇಡ್ತೀನಿ ಅಂದೆ. ಬೇಡ, ಇರಲಿ, ನೀನಿಟ್ಟಿದ್ದು ಅಂತ ಗೊತ್ತಾಗಬೇಕು ಅಂದ್ರು."

"ಒಂದು ಮಾತು ನಂಗೆ ಹೇಳಬಾರದಿತ್ತಾ ಅತ್ತಿಗೆ?"

"ನಗ್ತೀಯೇನೋ ಅಂತ ನಾಚಿಕೆ ಆಯ್ತು. ಗಾಡಿ ಆದ್ಮೇಲೆ ತೋರಿಸಿ ಹೇಳೋಣ ಅಂತಿದ್ದೆ." ಆಕೆ ಡಬ್ಬಿಯ ಮುಚ್ಚಳ ತೆಗೆದು ಮೂಲ ಮಾದರಿಯನ್ನು ನೋಡಿದಳು. ಅಲ್ಲೂ ಅದೇ ನೆಟ್ಟನೆಯ ಸಾಲು. ಮುಚ್ಚಳ ಹಾಕಿದಳು. "ಕೆರೆದದ್ದನ್ನ ಏನು ಮಾಡಿದೆ?"

"ಕಾಗದದ ಮೇಲೆ ಬಿದ್ದಿತ್ತು. ಕಸದ ಬುಟ್ಟಿಗೆ ಕೊಡವಿದೆ."

"ಬುಟ್ಟಿ?"

"ಎರಡು ವಾರ ಆಯ್ತು ಅತ್ತಿಗೆ."

ಅತ್ತಿಗೆ ತಲೆಯಾಡಿಸಿದಳು. ಹೊರಗೆ ಯಾರೋ ಸೈಕಲ್ ನಿಲ್ಲಿಸಿ, ಪಕ್ಕದ ಮನೆಯ ಗೇಟು ತೆಗೆದು ಒಳಗೆ ಹೋದರು. ಇಸ್ತ್ರಿ ನೆಲದ ಮೇಲೆ ಆಕೆಯ ಕುರ್ಚಿಯ ಪಕ್ಕ ಕುಕ್ಕರಿಸಿದ. ಹಲ್ಲಿನ ಕೆಲಸದಲ್ಲಾದರೆ ತಪ್ಪಿದರೆ ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಅವನ ಕೈಗೆ ಗೊತ್ತಿದ್ದದ್ದು ಅದೊಂದೇ ದಾರಿ.

"ನಂದನ್ನೆಲ್ಲ ಕೆರೆದು ಸಾಪು ಮಾಡಿಕೊಡ್ತೀನಿ. ಸೂಜಿ, ಗೋಂದು ಎಲ್ಲ ಆ ಕೋಣೆಲೇ ಇದೆಯಲ್ಲ. ನೀವೇ ಮತ್ತೆ ಇಡಿ ಅತ್ತಿಗೆ. ಎಷ್ಟು ದಿನ ಆದ್ರೂ ಆಗಲಿ, ಹೊಸ ಅಚ್ಚು ತೆಗೀತೀನಿ. ಪ್ರದರ್ಶನ ಹಾಳಾಗಿ ಹೋಗಲಿ. ನಿಮ್ಮ ಕಾಲಿಗೆ ಬೀಳ್ತೀನಿ, ಇಡಿ."

"ಇಡಬಹುದು" ಎಂದಳು ಅತ್ತಿಗೆ. "ಬಲಕ್ಕೆ, ಇನ್ನೊಂಚೂರು ಬಲಕ್ಕೆ ಅಂತ ಹೇಳೋರು ಯಾರು?"

ಅತ್ತಿಗೆ ರೆಸಿನ್ನಿನ ಪಕ್ಕವನ್ನು ಕರವಸ್ತ್ರದಲ್ಲಿ ಮೊದಲಿದ್ದ ಹಾಗೆಯೇ ಸುತ್ತಿ ಅವನ ಕೈಗೆ ಕೊಟ್ಟಳು.

"ಚೆನ್ನಾಗಿ ಬಂದಿದೆ. ಬಣ್ಣ ಹಚ್ಚಿ ಪ್ರದರ್ಶನಕ್ಕೆ ಇಡು, ಯಾರೂ ನಗಲ್ಲ."