ಮೂರನೆಯ ದಿನದ ಬೆಂಕಿ

ನಾನೊಂದು ಸೌದೆ ಒಲೆ. ಬೆಂಗಳೂರಿನಲ್ಲಿ ಬ್ಯಾಂಕು, ಷೇರು ಕಂಪನಿಗಳೇ ತುಂಬಿರುವ ಬೀದಿಯ ಒಂದು ದುಬಾರಿ ಇಟಾಲಿಯನ್ ಹೋಟೆಲಿನಲ್ಲಿ ಹುಟ್ಟಿದೆ. ನನ್ನನ್ನು ಕಟ್ಟಿದವರು ಬೇಕರಿ ಒಲೆಗಳನ್ನು ಕಟ್ಟಿ ಪಳಗಿದ ಆರೋಗ್ಯಸ್ವಾಮಿ ಮೇಸ್ತ್ರಿ. ಹೊರಡುವಾಗ ಮಾಲೀಕ ಪ್ರಮೋದ್ ಚಂದ್ರರಿಗೆ ಅವರು ಹೇಳಿದ ಮಾತು ನನಗಿನ್ನೂ ನೆನಪಿದೆ.

"ಸಾರ್, ಹಸಿ ಒಲೆ. ಹದಿನೈದು ದಿನ ಸಣ್ಣ ಬೆಂಕೀಲೇ ಒಣಗಬೇಕು. ಅವಸರ ಮಾಡಿದ್ರೆ ಸೀಳ್ಕೊಂಡ್ಬಿಡುತ್ತೆ."

ಆತುರಗಾರನಿಗೆ ಬುದ್ಧಿ ಮಟ್ಟ. ಮೂರನೆಯ ದಿನವೇ ಉದ್ಘಾಟನೆಯಾಯಿತು. ಬ್ಯಾಂಕಿನ ದೊಡ್ಡವರು ನೋಡಲೆಂದು ಹೊಟ್ಟೆ ತುಂಬ ಸೌದೆ ತುರುಕಿ ಉರಿಸಿದರು. ನನ್ನ ಬೆನ್ನಿನಲ್ಲಿ 'ಟಪ್' ಎಂದಿತು. ಚಪ್ಪಾಳೆಯ ನಡುವೆ ಬಿರುಕು ಬಿಟ್ಟ ಆ ಸದ್ದನ್ನು ಕೇಳಿಸಿಕೊಂಡವನು ಪಿಜ್ಜಾ ಬೇಯಿಸುವ ಸಿದ್ದರಾಜು ಒಬ್ಬನೇ.

ನನ್ನ ಬೆನ್ನಿನ ಹಿಂದೆ ಕೈಯಳತೆಯ ದೂರದಲ್ಲೇ ಅಂದದ ಮರದ ಗೋಡೆ. ನನಗೆ ಭಯವಿತ್ತು, ಸಿದ್ದರಾಜುವಿಗೂ ಇತ್ತು. ಆಯುಧಪೂಜೆಯ ದಿನ ಎಲ್ಲರೂ ನನಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದರು. ಒಣಗಿದ ಅರಿಶಿನ ಬಿರುಕಿನ ಗುಂಟ ಸೀಳಿತು.

"ಸಾರ್, ಗೇಣುದ್ದ ಇದ್ದದ್ದು ಮೊಳ ಆಗೈತೆ. ಒಲೆ ಆರಿಸಿ ರಿಪೇರಿ ಮಾಡಿಸ್ಬೇಕು," ಎಂದ ಸಿದ್ದರಾಜು.

"ಪೂಜೆ ಆಯ್ತಲ್ಲ ಮಾರಾಯ, ಇನ್ನೇನೂ ಆಗಲ್ಲ ಬಿಡು," ಎಂದು ಮಾಲೀಕರು ಹಾರವನ್ನೇ ಬಿರುಕಿನ ಮೇಲೆ ಎಳೆದು ಮುಚ್ಚಿದರು.

ಪೂಜೆಯ ಹಾರವನ್ನು ತೆಗೆಯುವ ಮನಸ್ಸು ಯಾರಿಗೂ ಬರಲಿಲ್ಲ. ಅದು ನನ್ನ ಬಿಸಿಗೆ ತರಗೆಲೆಯಂತೆ ಒಣಗಿತು. ಪೂಜೆಯಾದ ಐದನೆಯ ದಿನ ಮಧ್ಯಾಹ್ನ ಬಿರುಕಿನಿಂದ ಕಿಡಿ ಹಾರಿತು. ಮೊದಲು ಹಾರ ಹೊತ್ತಿತು, ಆಮೇಲೆ ಗೋಡೆ. ಊಟಕ್ಕೆ ಕೂತವರು ಅದೂ ಒಂದು ಆಟವೆಂದುಕೊಂಡು ಫೋನು ಹಿಡಿದರು. ಸಿದ್ದರಾಜು ಉರಿಯುವ ಹಾರವನ್ನು ಬರಿಗೈಯಲ್ಲಿ ಕಿತ್ತೆಳೆದ. ಗಿರಾಕಿಗಳೆಲ್ಲ ಉಳಿದರು. ಅವನ ಬಲಗೈ ಕೆಲಸಕ್ಕೆ ಉಳಿಯಲಿಲ್ಲ. ಸುಟ್ಟದ್ದು ನನ್ನ ಬೆಂಕಿಯೇ. ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ಒಂದು ವರ್ಷ ತಣ್ಣಗೆ ಕತ್ತಲಲ್ಲಿದ್ದೆ. ಈಗ ಹೊಸ ಬೋರ್ಡು, ಹೊಸ ಮಾಲಕಿ ನಿವೇದಿತಾ ಮೇಡಂ. ಬೆನ್ನಿಗೆ ಹಸಿ ಮಣ್ಣು ಮೆತ್ತಿಸಿದರು. ಗೋಡೆಗೆ ಮತ್ತೆ ಮರವನ್ನೇ ಹೊಡೆಸಿದರು. ಸಿದ್ದರಾಜುವೂ ಬಂದ. ಬಲಗೈ ಬೆರಳು ಮಡಚದವನಿಗೆ ಬೇರೆ ಯಾರೂ ಕೆಲಸ ಕೊಟ್ಟಿರಲಿಲ್ಲ.

"ಮೇಡಂ, ಹದಿನೈದು ದಿನ ಸಣ್ಣ ಬೆಂಕಿ..."

"ಶುಕ್ರವಾರ ಓಪನಿಂಗ್ ಸಿದ್ದರಾಜು. ಕಾರ್ಡ್ ಎಲ್ಲ ಹಂಚಾಗಿದೆ."

ಇವತ್ತು ಶುಕ್ರವಾರ. ಮೆತ್ತಿದ ಮಣ್ಣಿಗೆ ಮೂರನೆಯ ದಿನ. ಮೈಮೇಲೆ ಹಸಿ ಅರಿಶಿನ, ಕೊರಳಲ್ಲಿ ಚೆಂಡುಹೂವು. ಒಳಗೆ ಸೌದೆ ಭೋರೆಂದು ಉರಿಯುತ್ತಿದೆ. ಚಪ್ಪಾಳೆ ಬಿತ್ತು. ನನ್ನ ಬೆನ್ನಿನಲ್ಲಿ 'ಟಪ್' ಎಂದಿತು.

ಸಿದ್ದರಾಜು ತಲೆ ಎತ್ತಿದ. ಮೇಡಂ ಕಡೆ ನೋಡಿದ. ಅವರು ನಗುತ್ತಾ, ಇನ್ನೂ ಹಾಕು ಎಂದು ಕೈಸನ್ನೆ ಮಾಡಿದರು. ಅವನು ಎಡಗೈಯಿಂದ ನನ್ನ ಹಾರವನ್ನು ಮೆಲ್ಲಗೆ ತೆಗೆದು ಬಕೆಟ್ಟಿನ ನೀರಿನಲ್ಲಿ ಅದ್ದಿದ. ಆಮೇಲೆ ಇನ್ನೊಂದು ಕೊರಡು ಹಾಕಿದ.