ಹೆಣದ ಪಾಲಿನ ಮಾತು

ಕಡ್ಡಿಗೆ ಈ ಸಲದ ಏಕಾಂಕ ಸ್ಪರ್ಧೆಯಲ್ಲಿ ಸಿಕ್ಕಿದ್ದು ಹೆಣದ ಪಾತ್ರ. ಒಂಬತ್ತನೇ ತರಗತಿಯ ಈ ಸಣಕಲು ಹುಡುಗಿಯನ್ನು ಆರಿಸಿದವರು ನಾಟಕ ಮಾಡಿಸುತ್ತಿದ್ದ ಗಣಿತದ ಮೇಷ್ಟ್ರು. "ಶುರುವಿಂದ ಕೊನೇವರೆಗೂ ನೀನು ಸ್ಟೇಜ್ ಮೇಲೇ ಇರ್ತೀಯ. ಇಂಥ ಅದೃಷ್ಟ ಇನ್ಯಾರಿಗಿದೆ?" ಎಂದಿದ್ದರು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಕಡ್ಡಿ ಅದನ್ನೇ ಅಮ್ಮನಿಗೂ ಒಪ್ಪಿಸಿದಳು. ಸತ್ತಿರುವ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

ಅಮ್ಮ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುವವಳು. ಜ್ವರ ಬಂದರೂ ರಜೆ ಹಾಕದ ಹೆಂಗಸು, ಮಗಳ ನಾಟಕಕ್ಕೆಂದು ಪಕ್ಕದ ಮಗ್ಗದವಳ ಕೈಕಾಲು ಹಿಡಿದು ಪಾಳಿ ಬದಲಾಯಿಸಿಕೊಂಡಳು. ಅಂದಿನಿಂದ ಕಡ್ಡಿಗೆ ಊಟ ಸೇರಲಿಲ್ಲ. ಮಲಗಿರುವ ಮಗಳನ್ನು ಅಮ್ಮ ಮನೆಯಲ್ಲೇ ದಿನಾ ನೋಡುತ್ತಾಳೆ. ಇದಕ್ಕಾ ನಾನು ಪಾಳಿ ಬಿಟ್ಟು ಬಂದಿದ್ದು ಎಂದು ನೊಂದುಕೊಂಡರೆ ಏನು ಗತಿ?

ಆ ಶಾಲೆಯವರೆಲ್ಲ ಮಿಲ್ಲಿನವರ ಮಕ್ಕಳೇ. ಮಗ್ಗಗಳ ಗದ್ದಲದಲ್ಲಿ ಕಿರುಚಿದರೂ ಕೇಳಿಸದ ಕಾರಣ ಮಿಲ್ಲಿನವರು ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತಾರೆ, ಆಚೆ ಗೋಡೆಯಿಂದ ಈಚೆ ಗೋಡೆಗೂ ಓದಿಕೊಳ್ಳುತ್ತಾರೆ. ಮಕ್ಕಳಿಗೂ ಈ ವಿದ್ಯೆ ಅಂಟಿಕೊಂಡಿತ್ತು. ಪರೀಕ್ಷೆಗಳಲ್ಲಿ ಇದರಿಂದ ಎಷ್ಟು ಉಪಕಾರವಾಗಿದೆ ಎಂಬುದು ಮೇಷ್ಟ್ರಿಗೆ ಇನ್ನೂ ಗೊತ್ತಿಲ್ಲ.

ಪರದೆ ಎದ್ದಾಗ ಕಡ್ಡಿ ಬಿಳಿಗೂದಲು ಅಂಟಿಸಿಕೊಂಡು ಮಂಚದ ಮೇಲೆ ಸತ್ತಿದ್ದಳು. ಅವಳ ಹಿರಿಮಗನಾಗಿದ್ದವನು ಹತ್ತನೇ ತರಗತಿಯ ಹುಡುಗ. ಅವನ ಗಂಟಲಿಗೆ ಹೆದರಿ ಎಲ್ಲರೂ ಅವನನ್ನು ಮೈಕು ಎನ್ನುತ್ತಿದ್ದರು. ನಾಟಕದ ಮುಕ್ಕಾಲು ಪಾಲು ಮಾತು ಅವನದೇ. ಮೈಕು ಓಡಿಬಂದು ಹೆಣದ ಕೈ ಹಿಡಿದು "ಅಮ್ಮಾ!" ಎಂದ. ಎದುರಿಗೆ ತುಂಬಿದ ಸಭೆ ಕಂಡಿತು. ಮುಂದಿನ ಮಾತು ಬರಲಿಲ್ಲ.

ಯಾರೇ ಮಾತು ಎತ್ತಿಕೊಟ್ಟರೂ ತಂಡವೇ ಸ್ಪರ್ಧೆಯಿಂದ ಹೊರಗೆ ಎಂಬುದು ನಿಯಮ. ಪರದೆಯ ಮರೆಯಲ್ಲಿ ಮೇಷ್ಟ್ರು ಹಣೆ ಚಚ್ಚಿಕೊಂಡರು. ಆರು ವಾರದ ತಾಲೀಮಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಕಡ್ಡಿಗಾದರೋ ಎಲ್ಲರ ಮಾತೂ ಬಾಯಿಪಾಠವಾಗಿತ್ತು. ಮೈಕು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ, ಅವಳಿಗೆ ಪಾಪ ಅನ್ನಿಸಿತು. ಅವನ ಬೆರಳು ಚಿವುಟಿ, ದನಿಯಿಲ್ಲದೆ ತುಟಿ ಆಡಿಸಿದಳು: "ನನ್ನನ್ನು ಯಾರ ಕೈಗೆ ಒಪ್ಪಿಸಿ ಹೋದೆಯಮ್ಮಾ?"

ಮೈಕು ಅದನ್ನೇ ಅಂದ. ಮುಂದಿನದನ್ನೂ ಅಂದ. ನಾಟಕದ ತಮ್ಮನ ಜೊತೆಗಿನ ಜಗಳವನ್ನೂ ಅವಳ ತುಟಿ ನೋಡಿಕೊಂಡೇ ಆಡಿದ. ಇಪ್ಪತ್ತೈದು ನಿಮಿಷ ಅವನು ಮಂಚದ ಪಕ್ಕದಿಂದ ಏಳಲಿಲ್ಲ. ತಾಯಿಯ ಮುಖದಿಂದ ಕಣ್ಣು ಕೀಳದ ಮಗನನ್ನು ಕಂಡು ಸಭೆ ಮೂಗು ಒರೆಸಿಕೊಂಡಿತು.

ತೀರ್ಪುಗಾರರು ಕೂತಿದ್ದು ವೇದಿಕೆಯ ಬುಡದಲ್ಲಿ. ಅವರಿಗೆ ಕಂಡದ್ದು ಹೆಣದ ಅಂಗಾಲು ಮಾತ್ರ. ಹಿಂದೆ ಎತ್ತರದ ಮೆಟ್ಟಿಲುಗಳ ಮೇಲೆ ಕೂತಿದ್ದ ಮಿಲ್ಲಿನ ಹೆಂಗಸರಿಗೆ ಮುಖವೂ ಕಾಣುತ್ತಿತ್ತು.

ಮೊದಲ ಬಹುಮಾನ ಬಂತು. ಉತ್ತಮ ನಟ ಮೈಕು. ಕಡ್ಡಿಯ ಹೆಸರನ್ನು ಯಾರೂ ಎತ್ತಲಿಲ್ಲ. ಅವಳು ಬಿಳಿಗೂದಲು ಕೀಳುತ್ತಾ ಬಾಗಿಲ ಬಳಿ ಅಮ್ಮನ ಪಕ್ಕ ಬಂದು ನಿಂತಳು. ಅಮ್ಮನ ಮುಖ ನೋಡದೆ ಹಣೆಯ ಅಂಟು ಉಜ್ಜುತ್ತಲೇ ಇದ್ದಳು. ಅಷ್ಟರಲ್ಲಿ ಹಿರಿಯ ತೀರ್ಪುಗಾರರು ಅತ್ತ ಬಂದರು.

"ಈ ನಾಟಕದಲ್ಲಿ ನಿಮ್ಮ ಮಗು ಯಾರಮ್ಮಾ?"

"ಸತ್ತಿದ್ದೋಳು."

"ಅಯ್ಯೋ ಪಾಪ, ಅವಳಿಗೆ ಒಂದು ಮಾತೂ ಇರಲಿಲ್ವಲ್ಲ."

ಮಿಲ್ಲಿನ ಮೇಸ್ತ್ರಿಗೇ ಎದುರಾಡುವ ಬಾಯಿ ಅಮ್ಮನದು. ಅವಳು ಬಹುಮಾನದ ಕಪ್ಪು ಹಿಡಿದು ಬೆವರುತ್ತಿದ್ದ ಮೈಕುವನ್ನು ಒಮ್ಮೆ ನೋಡಿದಳು.

"ಇಲ್ಲ ಸಾರ್. ಒಂದೂ ಇರ್ಲಿಲ್ಲ."

ತೀರ್ಪುಗಾರರು ಹೊರಟುಹೋದರು. ಅಮ್ಮ ಮಗಳ ಕಡೆ ತಿರುಗಿ ತುಟಿ ಮಾತ್ರ ಆಡಿಸಿದಳು: "ತಮ್ಮನ ಜೊತೆ ಜಗಳ ಆಡೋವಾಗ ಒಂದ್ಸಲ ತಡವರಿಸಿದೆ. ಮಿಕ್ಕಿದ್ದೆಲ್ಲ ಚೆನ್ನಾಗಿ ಹೇಳ್ದೆ."

ಕಡ್ಡಿ ಅಲ್ಲೇ, ಎಲ್ಲರ ಎದುರಿಗೇ, ಗೊಳೋ ಎಂದು ಅತ್ತಳು.